ಸಟ್ಟುಗದ ಜಾಡು ಹಿಡಿದು ಉಡುಪಿಯಲ್ಲಿ ಎರಡು ದಿನ

ಶನಿವಾರ-ಭಾನುವಾರಕ್ಕೆಂದು ಉಡುಪಿಗೆ ಬರುವವರ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬೆಳಿಗ್ಗೆ ಮಠ, ಹನ್ನೊಂದಕ್ಕೆ ಮಲ್ಪೆ, ಅಲ್ಲಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ, ಸಂಜೆ ಕಾಪು, ಮರುದಿನ ಕಾರ್ಕಳ, ಮೂಡುಬಿದಿರೆ, ಹೊತ್ತು ಉಳಿದರೆ ಧರ್ಮಸ್ಥಳ. ಊಟ ಎಲ್ಲಿ ಸಿಕ್ಕಿದರೆ ಅಲ್ಲಿ. ಹೀಗೆ ಓಡಿದರೆ ಫೋಟೋ ಬೇಕಾದಷ್ಟು ಸಿಗುತ್ತವೆ, ಇಲ್ಲಿನ ಮೈದಾ-ಮೊಸರಿನ ಉಂಡೆ ಬಜ್ಜಿ ಗೋಳಿಬಜೆ ಮಾತ್ರ ತಣ್ಣಗಾದದ್ದೇ ಸಿಗುತ್ತದೆ.

ಈ ಊರಲ್ಲಿ ನೋಡುವುದಕ್ಕೊಂದು, ತಿನ್ನುವುದಕ್ಕೊಂದು ಎಂದು ಎರಡು ಪಟ್ಟಿ ಬೇಡ. ಎರಡು ವರ್ಷಕ್ಕೊಮ್ಮೆ ಕೃಷ್ಣನ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವಾಗ ಇಳಿಯುವ ಸ್ವಾಮಿಗಳು ಏರುವ ಸ್ವಾಮಿಗಳ ಕೈಗೆ ಕೊಡುವುದು ಅಕ್ಷಯ ಪಾತ್ರೆ, ಸಟ್ಟುಗ ಮತ್ತು ಗರ್ಭಗುಡಿಯ ಕೀಲಿಕೈ. ಬಡಿಸುವ ಸಟ್ಟುಗವೇ ಅಧಿಕಾರದ ಗುರುತಾದ ಊರು ಇದು. ‘ಅನ್ನಬ್ರಹ್ಮ’ ಎಂಬ ಹೆಸರು ಇಲ್ಲಿನ ಕೃಷ್ಣನಿಗೆ ಸುಮ್ಮನೆ ಬಂದದ್ದಲ್ಲ. ಹಾಗಾಗಿ ಅಡುಗೆಮನೆಯ ಹೊತ್ತುಗೊತ್ತು ನೋಡಿಕೊಂಡು ತಿರುಗಾಟ ಹಾಕಿಕೊಳ್ಳಿ, ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ.

ಬರುವುದು ಹೇಗೆ ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕೊಂಕಣ ರೈಲಿನ ನಿಲ್ದಾಣ ಇಂದ್ರಾಳಿಯಲ್ಲಿದೆ, ಪೇಟೆಗೆ ರಿಕ್ಷಾ ಬೇಕು. ಮಂಗಳೂರಿನಿಂದಾದರೆ ಎಕ್ಸ್‌ಪ್ರೆಸ್ ಬಸ್ಸುಗಳು ದಿನವಿಡೀ ಓಡುತ್ತವೆ, ಒಂದೂವರೆ ಗಂಟೆ ಹಿಡಿಯಿರಿ. ಸರ್ವಿಸ್ ಬಸ್ ಸ್ಟ್ಯಾಂಡಿನಿಂದ ರಥಬೀದಿಗೆ ನಡೆದೇ ಹೋಗಬಹುದು. ಸ್ವಂತ ಕಾರಿದ್ದವರು ರಥಬೀದಿಯ ತನಕ ನುಗ್ಗಲು ನೋಡಬೇಡಿ. ರಾಜಾಂಗಣದ ಪಾರ್ಕಿಂಗಿನಲ್ಲಿ ನಿಲ್ಲಿಸಿ.

ಶನಿವಾರ ಬೆಳಿಗ್ಗೆ ಹೊಟ್ಟೆಗೆ ಹಗುರವಾಗಿ ಸಜ್ಜಿಗೆ-ಬಜಿಲ್ ಸಾಕು. ಉಪ್ಪಿಟ್ಟು ಮತ್ತು ಖಾರದ ಅವಲಕ್ಕಿಯನ್ನು ಒಂದೇ ತಟ್ಟೆಯಲ್ಲಿ ಕಲಸಿ ತಿನ್ನುವುದು ಇಲ್ಲಿನ ಪದ್ಧತಿ. ಒಣಗಿದ ಬಜಿಲ್ ಮೆತ್ತಗಿನ ಸಜ್ಜಿಗೆಯ ಹಸಿ ಹೀರಿಕೊಳ್ಳುತ್ತದೆ, ಅದಕ್ಕೇ ಬಂದ ಕೂಡಲೇ ತಿನ್ನಬೇಕು. ಬನ್ಸ್ ಕೂಡ ಬೆಳಗಿನದೇ ತಿಂಡಿ. ಬಾಳೆಹಣ್ಣು, ಮೊಸರು, ಮೈದಾ ಕಲಸಿದ ಹಿಟ್ಟು ರಾತ್ರಿಯಿಡೀ ಕೂತಿದ್ದರೆ ಒಳಗೆ ಜಾಳುಜಾಳಾಗಿ ಬಲೆ ಕಟ್ಟಿರುತ್ತದೆ. ಆತುರಕ್ಕೆ ಕಲಸಿದ್ದು ಸಿಹಿ ಪೂರಿಯಾಗುತ್ತದೆ ಅಷ್ಟೆ. ಎರಡು ತುಂಡು ಮಾಡಿ ನೋಡಿದರೆ ಗೊತ್ತಾಗುತ್ತದೆ.

ರಥಬೀದಿಯಲ್ಲಿ ನೇರ ಕೃಷ್ಣ ಮಠಕ್ಕೆ ಹೋಗುವುದು ರೂಢಿ ತಪ್ಪಿದಂತೆ. ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ, ಇದು ಇಲ್ಲಿನ ಕ್ರಮ. ಮೂರೂ ಒಂದೇ ಬೀದಿಯಲ್ಲಿವೆ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠೆ ಮಾಡಿದ ಕೃಷ್ಣ ಪಶ್ಚಿಮಕ್ಕೆ ಮುಖ ಮಾಡಿದ್ದಾನೆ. ನೋಡುವುದು ಒಂಬತ್ತು ತೂತಿನ ನವಗ್ರಹ ಕಿಂಡಿಯ ಮೂಲಕ. ಕನಕನ ಕಿಂಡಿಗೆ ಕ್ಯೂ ನಿಲ್ಲಬೇಕಾಗಿಲ್ಲ, ಹೊರಗಿನಿಂದಲೇ ದರ್ಶನ. ಒಳಗೆ ಹೋಗುವ ಗಂಡಸರು ಅಂಗಿ-ಬನಿಯನ್ ತೆಗೆಯಬೇಕು. ಅಂಗಿ ಕೈಯಲ್ಲಿ ಹಿಡಿದುಕೊಂಡರಾಯಿತು, ಅದಕ್ಕೆಂದು ಚೀಲ ಹುಡುಕುತ್ತಾ ನಿಲ್ಲಬೇಡಿ.

ಮಧ್ವ ಸರೋವರದ ಪಕ್ಕ ತೇರಿನಾಕಾರಕ್ಕೆ ಪೇರಿಸಿದ ಸೌದೆಯ ರಾಶಿ ಇರುತ್ತದೆ. ಹೆಚ್ಚಿನವರು ನೋಡಿಯೂ ನೋಡದ ಹಾಗೆ ದಾಟಿ ಹೋಗುತ್ತಾರೆ. ಪೂಜೆಯ ಅಧಿಕಾರ ಕೈಬದಲಾಗುವ ಪರ್ಯಾಯಕ್ಕೆ ಮುಂಚೆ ನಾಲ್ಕು ಮುಹೂರ್ತಗಳು ನಡೆಯುತ್ತವೆ: ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ಅಂದರೆ ಎಲೆಗೆ ಬೇಕಾದ ಬಾಳೆಯನ್ನು ವರ್ಷಕ್ಕೂ ಮುಂಚೆ ನೆಡುವುದು, ಅಕ್ಕಿ ಕೂಡಿಸುವುದು, ಒಲೆಗೆ ಸೌದೆ ಒಟ್ಟುವುದು, ಭತ್ತ ತುಂಬುವುದು. ಎರಡು ವರ್ಷ ನಡೆಯಬೇಕಾದ ಅನ್ನಸಂತರ್ಪಣೆಯ ಲೆಕ್ಕಾಚಾರವೇ ಇಲ್ಲಿ ಧಾರ್ಮಿಕ ವಿಧಿಯಾಗಿದೆ. ಮೊದಲು ಎಂಟು ಮಠಗಳಿಗೆ ಎರಡೆರಡು ತಿಂಗಳ ಸರದಿ ಇತ್ತು, 16ನೇ ಶತಮಾನದಲ್ಲಿ ಸೋದೆ ಮಠದ ವಾದಿರಾಜರು ಅದನ್ನು ಎರಡು ವರ್ಷಕ್ಕೆ ಏರಿಸಿದರು. ಸರಿಸಂಖ್ಯೆಯ ವರ್ಷಗಳಲ್ಲಿ ಜನವರಿ 18ರಂದು ಪರ್ಯಾಯ. 2024ರಲ್ಲಿ ಪುತ್ತಿಗೆ ಮಠದ ಸರದಿ, 2026ರಲ್ಲಿ ಶಿರೂರು ಮಠದ್ದು. ಹಿಂದಿನ ರಾತ್ರಿಯಿಡೀ ಪೇಟೆ ಎಚ್ಚರವಿರುತ್ತದೆ, ನಸುಕಿಗೆ ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುತ್ತದೆ. ಅದನ್ನೇ ನೋಡಬೇಕು ಅನ್ನುವವರು ಬರಲಿ. ನೆಮ್ಮದಿಯಾಗಿ ಊರು ನೋಡಬೇಕು ಅನ್ನುವವರಿಗೆ ಆ ವಾರ ಬೇಡ.

ಮಧ್ಯಾಹ್ನದ ಊಟ ಮಠದಲ್ಲೇ. ಮಹಾಪೂಜೆ ಮುಗಿದ ಮೇಲೆ ಪಂಕ್ತಿ ಕೂರುತ್ತದೆ. ಇಲ್ಲಿ ಹೊಸಬರಿಗೆ ಎಡವಟ್ಟಾಗುವುದು ವೇಗದಲ್ಲಿ. ಅನ್ನ ಸಾರಿಗೆ ಒಮ್ಮೆ ಬರುತ್ತದೆ, ಹುಳಿಗೆ ಮತ್ತೊಮ್ಮೆ, ಮಜ್ಜಿಗೆಗೆ ಇನ್ನೊಮ್ಮೆ. ಮೊದಲ ಸಲವೇ ರಾಶಿ ಹಾಕಿಸಿಕೊಂಡವರಿಗೆ ಪಾಯಸ ಬರುವಾಗ ಎಲೆಯಲ್ಲೂ ಜಾಗ ಇರುವುದಿಲ್ಲ, ಹೊಟ್ಟೆಯಲ್ಲೂ ಇರುವುದಿಲ್ಲ. ಸಾರಿಗೆ ಒಂದು ಹಿಡಿ ಅನ್ನ ಸಾಕು. ನೆಲದ ಮೇಲೆ ಕೂರಲಾಗದ ಹಿರಿಯರು ಜತೆಗಿದ್ದರೆ ಬಡಿಸುವವರಿಗೆ ಮೊದಲೇ ಹೇಳಿ. ಮುಖ್ಯವಾದ ಇನ್ನೊಂದು ಮಾತು: ಏಕಾದಶಿಯಂದು ಊಟ ಇರುವುದಿಲ್ಲ. ಟಿಕೆಟ್ ಬುಕ್ ಮಾಡುವ ಮೊದಲು ಪಂಚಾಂಗ ನೋಡಿ.

ಮಳೆಗಾಲದಲ್ಲಿ ಶುರುವಾಗುವ ನಾಲ್ಕು ತಿಂಗಳ ವ್ರತಕಾಲ, ಚಾತುರ್ಮಾಸದಲ್ಲಿ ಬಂದರೆ ಅಡುಗೆಯೇ ಬೇರೆ. ಮೊದಲ ತಿಂಗಳು ಶಾಕವ್ರತ, ಅಂದರೆ ತರಕಾರಿ ವರ್ಜ್ಯ. ಮುಂದೆ ಮೊಸರು, ಹಾಲು, ದ್ವಿದಳ ಧಾನ್ಯ ಒಂದೊಂದು ತಿಂಗಳು ಬಿಡುತ್ತಾರೆ. ಶಾಕವ್ರತದಲ್ಲಿ ಮೆಣಸಿನಕಾಯಿಯೂ ಇಲ್ಲ, ಖಾರಕ್ಕೆ ಕಾಳುಮೆಣಸು. ‘ಉಡುಪಿ ಸಾರು’ ಎಂದರೆ ಇಂಗು, ಬೆಲ್ಲ, ಕೆಂಪು ಬಣ್ಣ ಎಂದುಕೊಂಡು ಬಂದವರಿಗೆ ಈ ದಿನಗಳ ಸಾರು ಸಪ್ಪೆ ಅನ್ನಿಸಬಹುದು. ನಾಲಗೆಗೆ ಎರಡು ದಿನ ಕೊಟ್ಟರೆ ಅದರ ರುಚಿ ಹತ್ತುತ್ತದೆ.

ಊಟವಾದ ಮೇಲೆ ಬಿಸಿಲಲ್ಲಿ ಸುತ್ತುವುದಕ್ಕಿಂತ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋಗಿ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ, ಕೆಡವಲು ಹೊರಟಿದ್ದ ಹಳೆ ಮನೆಗಳನ್ನು ತುಂಡುತುಂಡಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದರು. ಗೈಡ್ ಜತೆಗೇ ಸುತ್ತಬೇಕು, ಎರಡು ಗಂಟೆ ಬೇಕೇ ಬೇಕು. ಸಮಯ ಮತ್ತು ರಜೆ ಫೋನಿನಲ್ಲಿ ಕೇಳಿಕೊಂಡೇ ಹೊರಡಿ. ಕುಕನೂರಿನ ಕಮಲ ಮಹಲಿನ ಮರದ ಕೆಲಸದ ಮುಂದೆ ಹೆಚ್ಚು ಹೊತ್ತು ನಿಲ್ಲಿ, ಉಳಿದದ್ದು ಗೈಡ್ ಹೇಳಿದ ಹಾಗೆ.

ಗೋಳಿಬಜೆಗೆ ಸಂಜೆ ನಾಲ್ಕರ ಹೊತ್ತಿಗೆ ರಥಬೀದಿಗೆ ವಾಪಸಾಗಿ. ಮಿತ್ರ ಸಮಾಜ ಹೋಟೆಲ್ ಅಲ್ಲೇ ಇದೆ. ಗೋಳಿಬಜೆಯ ಆಯುಷ್ಯ ಹತ್ತು ನಿಮಿಷ. ಎಣ್ಣೆಯಿಂದ ತೆಗೆದ ಕೂಡಲೇ ಹೊರಗೆ ತೆಳುವಾಗಿ ಗರಿ, ಒಳಗೆ ಹತ್ತಿಯಷ್ಟು ಮೆತ್ತಗೆ, ತಣಿದರೆ ರಬ್ಬರ್. ಬಾಣಲೆಯ ಹತ್ತಿರ ನಿಂತು ನೋಡಲು ಸಿಕ್ಕಿದರೆ ಬಿಡಬೇಡಿ. ಹಾಕುವವರು ಪ್ರತಿ ಸಲ ಬೆರಳನ್ನು ನೀರಿಗೆ ಅದ್ದುತ್ತಾರೆ, ಹಿಟ್ಟನ್ನು ಹೆಬ್ಬೆರಳಿನಿಂದ ಮುಂದಕ್ಕೆ ನೂಕಿ ಬಾಲ ಬರದಂತೆ ತುಂಡರಿಸುತ್ತಾರೆ. ಹಿಟ್ಟು ಹದವಾಗಿದ್ದರೆ ಉಂಡೆ ಒಂದು ಕ್ಷಣ ತಳಕ್ಕೆ ಹೋಗಿ ಮೇಲೆ ಬಂದು, ಅರ್ಧ ಬೆಂದಾಗ ತಾನಾಗಿ ಮಗುಚಿಕೊಳ್ಳುತ್ತದೆ.

ಮನೆಯಲ್ಲಿ ಮಾಡಬೇಕು ಅನ್ನುವವರಿಗೆ ಅಳತೆ: ಎರಡು ಕಪ್ ಮೈದಾ, ಎರಡು ಚಮಚ ಅಕ್ಕಿಹಿಟ್ಟು, ಒಂದು ಕಪ್ ಚೆನ್ನಾಗಿ ಹುಳಿಬಂದ ಗಟ್ಟಿ ಮೊಸರು, ಒಂದು ಚಮಚ ಸಕ್ಕರೆ, ಉಪ್ಪು, ಸಣ್ಣಗೆ ಹೆಚ್ಚಿದ ಒಂದಿಂಚು ಶುಂಠಿ, ಮೂರು ಹಸಿಮೆಣಸು, ಕರಿಬೇವು, ಒಂದು ಹಿಡಿ ಕೊಬ್ಬರಿ ಚೂರು. ನೀರು ಬೇಕಾದರೆ ಚಮಚದ ಲೆಕ್ಕದಲ್ಲಿ ಮಾತ್ರ. ಕೈಯಿಂದ ಐದು ನಿಮಿಷ ಬಡಿದು ಕಲಸಿ ಎರಡು ಗಂಟೆ ಮುಚ್ಚಿಡಿ. ಕಾಲು ಟೀ ಚಮಚ ಅಡುಗೆ ಸೋಡಾ ಹಾಕುವುದು ಕರಿಯುವ ಹತ್ತು ನಿಮಿಷ ಮುಂಚೆ. ಮೊದಲೇ ಹಾಕಿದರೆ ಮೊಸರಿನ ಹುಳಿಯ ಜತೆ ಸೇರಿ ಅದರ ಗಾಳಿಯೆಲ್ಲ ಹಿಟ್ಟು ಕೂತಲ್ಲೇ ಹೋಗುತ್ತದೆ. ಮೊಸರು ಸಿಹಿಯಿದ್ದರೆ ಸೋಡಾ ಹಾಗೇ ಉಳಿದು ಸಾಬೂನಿನ ವಾಸನೆ. ಸೋಡಾ ಜಾಸ್ತಿಯಾದರೆ ಬಜೆ ಎಣ್ಣೆ ಕುಡಿಯುತ್ತದೆ. ಎಣ್ಣೆ ವಿಪರೀತ ಕಾದಿದ್ದರೆ ಹೊರಗೆ ಕೆಂಪು, ಒಳಗೆ ಹಸಿ ಹಿಟ್ಟು, ಉರಿ ಮಧ್ಯಮದಲ್ಲಿರಲಿ. ಚಟ್ನಿಗೆ ತೆಂಗಿನಕಾಯಿ, ಹಸಿಮೆಣಸು, ಶುಂಠಿ ಸಾಕು.

ಕಾರ್ತಿಕದ ಉತ್ಥಾನ ದ್ವಾದಶಿಯಿಂದ ಮಳೆಗಾಲ ಹಿಡಿಯುವ ತನಕ ರಾತ್ರಿ ರಥೋತ್ಸವಗಳು ನಡೆಯುತ್ತಿರುತ್ತವೆ. ಮಕರ ಸಂಕ್ರಾಂತಿಗೆ ಮೂರು ತೇರು ಒಟ್ಟಿಗೆ. ಉತ್ಸವ ಮುಗಿಸಿಕೊಂಡು ಡಯಾನ ಹೋಟೆಲಿನಲ್ಲಿ ಗಡ್‌ಬಡ್ ಐಸ್‌ಕ್ರೀಮ್ ತಿನ್ನಬಹುದು. ಗಡ್‌ಬಡ್ ಹುಟ್ಟಿದ್ದೇ ಅಲ್ಲಿ ಎಂಬುದು ಊರಿನ ಮಾತು. ಉದ್ದ ಲೋಟದ ತಳದ ಜೆಲ್ಲಿ, ಹಣ್ಣಿಗೆ ಚಮಚ ಮುಟ್ಟುವಂತೆ ಮೇಲಿನಿಂದ ಕೆಳಕ್ಕೆ ನೇರ ಇಳಿಸಿ ತಿನ್ನಿ. ಪದರ ಪದರವಾಗಿ ತಿಂದರೆ ಅದು ಮೂರು ಐಸ್‌ಕ್ರೀಮ್ ಅಷ್ಟೆ.

ಭಾನುವಾರಕ್ಕೆ ಎರಡು ದಾರಿ, ಒಂದನ್ನೇ ಆರಿಸಿಕೊಳ್ಳಿ.

ಕಲ್ಲು ನೋಡುವ ಆಸೆಯಿದ್ದರೆ ಕಾರ್ಕಳ, ಮೂವತ್ತೆಂಟು ಕಿಲೋಮೀಟರ್ ಹತ್ತಿರ ಹತ್ತಿರ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಬಾಹುಬಲಿಗೆ ಬರಿಗಾಲಲ್ಲಿ ಬಂಡೆ ಹತ್ತಬೇಕು, ಹಾಗಾಗಿ ಎಂಟು ಗಂಟೆಯ ಒಳಗೆ ಅಲ್ಲಿರಿ. ಹನ್ನೊಂದರ ಮೇಲೆ ಕಾಲು ಸುಡುತ್ತದೆ. ಎದುರಿನ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರೇ ಎದುರು. ಮೂರ್ತಿ ನೋಡಿ ಎಲ್ಲರೂ ಇಳಿದುಬಿಡುತ್ತಾರೆ, ನನ್ನ ಮಟ್ಟಿಗೆ ಬಸದಿಯೇ ಒಂದು ಕೈ ಮೇಲು.

ತಿನ್ನುವ ಆಸೆ ಜಾಸ್ತಿಯಿದ್ದರೆ ಮಟ್ಟು. ಕಟಪಾಡಿಯಿಂದ ಕಡಲ ಕಡೆಗೆ ತಿರುಗಿದರೆ ಸಿಗುವ ಹಳ್ಳಿ. ಇಲ್ಲಿನ ಹೊಯ್ಗೆ ಮಣ್ಣಿನಲ್ಲಿ ಬೆಳೆಯುವ ಮಟ್ಟುಗುಳ್ಳ ಎಂಬ ಬದನೆಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಬೀಜ ಕೊಟ್ಟವರು ವಾದಿರಾಜರು ಎಂಬ ಐತಿಹ್ಯವಿದೆ. ಮಳೆ ಮುಗಿದ ಮೇಲೆ ನೆಡುವ ಬೆಳೆ, ಚಳಿಗಾಲದಿಂದ ಬೇಸಿಗೆಯ ತನಕ ಕೊಯ್ಲು. ಆಗಸ್ಟಿನಲ್ಲಿ ಬಂದು ಗುಳ್ಳ ಕೇಳಿದರೆ ಯಾರೂ ಕೊಡಲಾರರು. ಅಸಲಿ ಗುಳ್ಳ ದುಂಡಗೆ, ತಿಳಿ ಹಸಿರು, ತೊಟ್ಟಿನಲ್ಲಿ ಮುಳ್ಳು, ಸಿಪ್ಪೆ ತೆಳು. ಬೆಳೆಗಾರರು ಸ್ಟಿಕ್ಕರ್ ಅಂಟಿಸಿ ಮಾರುತ್ತಾರೆ. ಬೇರೆ ಕಡೆಯ ಹಸಿರು ಬದನೆಯನ್ನು ಇದೇ ಹೆಸರಲ್ಲಿ ಮಾರುವುದೂ ಉಂಟು, ಅದು ಬೆಂದ ಮೇಲೆ ಸಿಪ್ಪೆ ಬೇರೆ ತಿರುಳು ಬೇರೆಯಾಗುತ್ತದೆ.

ಗುಳ್ಳದ ಕೊದ್ದೆಲ್, ಅಂದರೆ ಕಾಯಿ ರುಬ್ಬಿ ಹಾಕಿದ ಹುಳಿ, ಕೆಡುವುದು ಒಂದೇ ಕಾರಣಕ್ಕೆ: ಗುಳ್ಳ ಬೇಗ ಬೇಯುತ್ತದೆ, ಕಣ್ಣು ತಪ್ಪಿದರೆ ಕರಗಿ ಗೊಜ್ಜು. ದೊಡ್ಡ ಹೋಳು ಮಾಡಿ ನೀರಿನಲ್ಲಿಡಿ, ಬೇಯಿಸುವಾಗ ಹುಣಸೆ ರಸ ಮತ್ತು ಉಪ್ಪು ಮೊದಲೇ ಹಾಕಿ. ಹುಳಿಯಲ್ಲಿ ಹೋಳು ಗಟ್ಟಿಯಾಗಿ ನಿಲ್ಲುತ್ತದೆ. ಅರ್ಧ ಕಿಲೋ ಗುಳ್ಳಕ್ಕೆ ಒಂದು ಕಪ್ ತೆಂಗಿನತುರಿ, ಆರು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಒಂದು ಚಮಚ ಉದ್ದಿನಬೇಳೆ, ಚಿಟಿಕೆ ಮೆಂತ್ಯ. ಕಾಯಿ ಬಿಟ್ಟು ಉಳಿದದ್ದನ್ನು ತೆಂಗಿನೆಣ್ಣೆಯಲ್ಲಿ ಹುರಿದು, ಎಲ್ಲ ಸೇರಿಸಿ ರುಬ್ಬಿ ಹಾಕಿ, ಸಣ್ಣ ತುಂಡು ಬೆಲ್ಲ, ಒಂದು ಕುದಿ, ಇಂಗಿನ ಒಗ್ಗರಣೆ. ಮೆಂತ್ಯ ಕಪ್ಪಾದರೆ ಇಡೀ ಪಾತ್ರೆ ಕಹಿ.

ಮೀನು ತಿನ್ನುವವರಿಗೆ ಮಧ್ಯಾಹ್ನ ಮಲ್ಪೆ ಕಡೆ ಕುಚ್ಚಲಕ್ಕಿ ಅನ್ನದ ಮೀನೂಟ. ಮೆನು ಬದಿಗಿಟ್ಟು “ಇವತ್ತು ಎಂಥ ಫ್ರೆಶ್ ಉಂಟು?” ಎಂದು ಕೇಳಿ. ಕಾಣೆ ಮೀನಿನ ಮಾಂಸ ಮೆದು, ಒಡೆಯದಿರಲು ರವೆ ಬೇಕು. ಬಂಗುಡೆಗೆ ರವೆ ದಂಡ, ಅದನ್ನು ಹುಳಿ-ಖಾರದ ಪುಳಿಮುಂಚಿ ಮಾಡಿದ್ದೇ ಚೆಂದ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗ ಹೋಟೆಲಿನ ಅಂಜಲ್ ಮೀನು ಹೆಚ್ಚಾಗಿ ಮಂಜುಗಡ್ಡೆಯಿಂದ ಎದ್ದು ಬಂದದ್ದು. ಆ ತಿಂಗಳುಗಳಲ್ಲಿ ಕೆಸುವಿನ ಎಲೆಯ ಪತ್ರೊಡೆ ತಿನ್ನಿ, ಆ ಎಲೆಯ ಕಾಲ ಅದೇ. ಗಂಟಲು ಕೆರೆದರೆ ಹುಣಸೆಹುಳಿ ಕಡಿಮೆಯಾಗಿದೆ, ಇಲ್ಲವೇ ಎಲೆ ಸರಿಯಾಗಿ ಬೆಂದಿಲ್ಲ ಎಂದರ್ಥ.

ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇಲ್ಲ. ಉಳಿದ ಕಾಲದಲ್ಲಿ ಹೋದರೆ ಮರಳಿನಲ್ಲಿ ಕೂರುವ ಬದಲು ಕಂಬಗಳಂತೆ ಎದ್ದುನಿಂತ ಕಲ್ಲುಗಳ ತುದಿ ನೋಡಿ: ಐದು, ಆರು, ಏಳು ಮೂಲೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡುವ ಕಾಲಕ್ಕೆ ಉಕ್ಕಿದ ಲಾವಾ ತಣಿಯುತ್ತಾ ಕುಗ್ಗಿ ಬಿರುಕುಬಿಟ್ಟದ್ದರಿಂದ ಬಂದ ಆಕಾರ. ಅಂಚಿನ ಬಂಡೆಗಳು ಪಾಚಿಯಿಂದ ಜಾರುತ್ತವೆ, ಈಜಲು ಇಳಿಯಬೇಡಿ.

ಕಾಪುವಿನ 1901ರ ದೀಪಸ್ತಂಭ ಹತ್ತಲು ಬಿಡುವುದು ಸಂಜೆ ಹೊತ್ತು ಮಾತ್ರ. ಮಟ್ಟುವಿನಿಂದ ಹತ್ತಿರವೇ, ಆದರೆ ರಾತ್ರಿ ರೈಲಿಗೆ ಹೋಗುವವರು ಅಲ್ಲಿಂದ ಇಂದ್ರಾಳಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಭಾನುವಾರ ಸಂಜೆ ಹೆದ್ದಾರಿಯಲ್ಲಿ ಗಾಡಿಗಳ ಸಾಲು ಕರಗುವುದಿಲ್ಲ. ಕೊಂಡ ಗುಳ್ಳವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವರಿ ಕೊಳೆಯುತ್ತದೆ. ತೊಳೆಯದೆ, ಪೇಪರಿನಲ್ಲಿ ಸುತ್ತಿ, ಚೀಲದ ಮೇಲ್ಗಡೆ ಇಡಿ.