ಅಗಸಿ ಹಿಂಡಿ, ಕಬ್ಬಿಣದ ಪುಡಿ, ಅಪ್ಪನ ಎಣ್ಣಿ ಅರಿವಿ

"ಕಾಕು, ಹಿಂಡಿ ಚಲೋ ಐತ್ರಿ. ಆದ್ರ ಬಣ್ಣದ ಡಬ್ಬಿ ತೆಗದಂಗ ವಾಸನಿ ಬರಾಕತ್ತೈತಿ."

ನ್ಯೂಜೆರ್ಸಿಯಿಂದ ಬಂದ ಆ ವಾಟ್ಸಾಪ್ ವಾಯ್ಸ್ ಮೆಸೇಜನ್ನು ನಾಲ್ಕು ಸಲ ಕೇಳಿದೆ. ಹುಡುಗಿ ನಮ್ಮ ಓಣಿಯವಳೇ. ನನ್ನ ಮನಸ್ಸಿಗೆ ನೋವಾಗಬಾರದು ಅಂತ ಮೊದಲು "ಚಲೋ ಐತಿ" ಅಂದಿದ್ದಾಳೆ, ಅಷ್ಟೇ. ಡಿಸೆಂಬರಿನಲ್ಲಿ ಅವಳ ಅಪ್ಪ ಅವ್ವ ಹೋಗುವಾಗ ಇಪ್ಪತ್ತೆರಡು ಪ್ಯಾಕೆಟ್ ಕಟ್ಟಿ ಕೊಟ್ಟಿದ್ದೆ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ. ಹಿಂಡಿ ಅಂದರೆ ನಮ್ಮ ಕಡೆಯ ಚಟ್ನಿಪುಡಿ. ಫೆಬ್ರುವರಿಗೆ ಅಗಸಿ ಹಿಂಡಿ ಕಮಟಾಗಿ ಹೋಗಿದೆ.

ನನಗೆ ಸಿಟ್ಟು ಬಂದದ್ದು ಹಿಂಡಿಯ ಮೇಲಲ್ಲ. ಆ ಸಲ ಪ್ರತಿ ಪ್ಯಾಕೆಟ್ಟಿಗೂ ಒಂದೊಂದು ಆಕ್ಸಿಜನ್ ಅಬ್ಸಾರ್ಬರ್ ಸ್ಯಾಚೆಟ್, ಅಂದರೆ ಒಳಗಿನ ಆಕ್ಸಿಜನ್ ಹೀರುವ ಸಣ್ಣ ಪುಡಿಕೆ, ಹಾಕಿದ್ದೆ. ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ತರಿಸಿ, "ಇನ್ನ ಒಂದ್ ವರ್ಷ ಏನೂ ಆಗಂಗಿಲ್ಲ ಅತ್ತಿ" ಅಂತ ಜಂಬ ಕೊಚ್ಚಿಕೊಂಡಿದ್ದೆ. ಅತ್ತಿ ಆಗಲೇ ಹೇಳಿದ್ದರು: "ಅಗಸಿ ಹಿಂಡಿ ಹದಿನೈದ್ ದಿನದ್ದವಾ. ಚೀಟಿ ಕಟ್ಟಿದ್ರ ದೆವ್ವ ಹೋಗಬಹುದು, ಕಮಟ ಹೋಗಂಗಿಲ್ಲ."

ಅತ್ತಿಯ ಮಾತು ಸುಳ್ಳಲ್ಲ. ಇಡೀ ಅಗಸಿ ಕಾಳು ತಿಂಗಳುಗಟ್ಟಲೆ ಡಬ್ಬಿಯಲ್ಲಿ ಕೂತರೂ ಕೆಡುವುದಿಲ್ಲ, ಸಿಪ್ಪೆ ಎಣ್ಣೆಯನ್ನು ಕಾಯುತ್ತದೆ. ಚಟಚಟ ಅನ್ನುವ ಹಾಗೆ ಹುರಿದು, ಬ್ಯಾಡಗಿ ಖಾರ, ಬಳ್ಳೊಳ್ಳಿ, ಜೀರಿಗೆ, ಹುಣಸೆಹಣ್ಣು, ಉಪ್ಪು ಹಾಕಿ ಕುಟ್ಟಿದ ಕೂಡಲೇ ಎಣ್ಣೆ ಹೊರಗೆ ಬಂದು ಗಾಳಿಗೆ ಮೈಯೊಡ್ಡುತ್ತದೆ. ಅದೂ ಎಂಥ ಎಣ್ಣೆ! ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಸುಮಾರು 90 ಪಾಲು ಸ್ಯಾಚುರೇಟೆಡ್ ಕೊಬ್ಬು, ಆಕ್ಸಿಜನ್ ಬಂದು ಕಚ್ಚಲು ಜಾಗವೇ ಕಡಿಮೆ. ಅಗಸಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3, ಅಂದರೆ ಅದರ ಒಂದೊಂದು ಸರಪಳಿಯಲ್ಲಿ ಮೂರು ಮೂರು ಡಬಲ್ ಬಾಂಡ್, ಆಕ್ಸಿಜನ್ ಕಚ್ಚುವ ಜಾಗ. ಡಾಕ್ಟರು ಹೊಗಳುವುದೂ ಅದನ್ನೇ, ಆಕ್ಸಿಜನ್ ಮೊದಲು ಕಚ್ಚುವುದೂ ಅದನ್ನೇ.

ಸ್ಯಾಚೆಟ್ ಒಳಗಿರುವುದು ಏನೂ ಗುಟ್ಟಿನದಲ್ಲ. ನುಣ್ಣನೆ ಕಬ್ಬಿಣದ ಪುಡಿ, ಸ್ವಲ್ಪ ಉಪ್ಪು, ಸ್ವಲ್ಪ ತೇವ ಹಿಡಿದಿಟ್ಟುಕೊಂಡ ಇನ್ನೊಂದು ಪುಡಿ. ಕಬ್ಬಿಣ ತುಕ್ಕು ಹಿಡಿಯುತ್ತಾ ಪ್ಯಾಕೆಟ್ಟಿನ ಆಕ್ಸಿಜನ್ನನ್ನು ಖಾಲಿ ಮಾಡುತ್ತದೆ. ಒಂದು ಗ್ರಾಂ ಕಬ್ಬಿಣ ಪೂರ್ತಿ ತುಕ್ಕಾದರೆ ಸುಮಾರು 300 ಮಿಲಿಲೀಟರ್ ಆಕ್ಸಿಜನ್ ನುಂಗುತ್ತದೆ. ಜಪಾನಿನ ಮಿತ್ಸುಬಿಷಿ ಗ್ಯಾಸ್ ಕೆಮಿಕಲ್ 1977ರಲ್ಲಿ 'ಏಜ್‌ಲೆಸ್' ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಬೇರೆ, ಅದು ನೀರಿನ ಪಸೆ ಹೀರುತ್ತದೆ. ಗುರುತು ಹಿಡಿಯಬೇಕಾದರೆ ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ ಹಿಡಿದು ನೋಡಿ. ಕಬ್ಬಿಣದ್ದು ಟಪ್ಪನೆ ಅಂಟುತ್ತದೆ.

ಇನ್ನು ನನ್ನ ತಪ್ಪು. ಪ್ಯಾಕ್ ಮಾಡುವ ದಿನ ಹನ್ನೊಂದು ಗಂಟೆಗೆ ನೂರು ಸ್ಯಾಚೆಟ್ಟಿನ ಕಟ್ಟು ಹರಿದು ಸ್ಟೀಲ್ ತಟ್ಟೆಗೆ ಸುರಿದೆ. ಆರು ಪ್ಯಾಕೆಟ್ ಸೀಲ್ ಆಗುವಷ್ಟರಲ್ಲಿ ಕರೆಂಟ್ ಹೋಯಿತು. ಬಂದದ್ದು ನಾಲ್ಕಕ್ಕೆ. ಮತ್ತೆ ಕೂತು ತಟ್ಟೆಗೆ ಕೈ ಹಾಕಿದರೆ ಸ್ಯಾಚೆಟ್ ಬೆಚ್ಚಗೆ, ಈಗಷ್ಟೇ ಇಸ್ತ್ರಿ ಮಾಡಿದ ಕರ್ಚೀಫಿನ ಹಾಗೆ. ಅಡಿಗೆ ಮನೆಯ ಕಾವಿಗೆ ಇರಬೇಕು ಅಂದುಕೊಂಡೆ. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದವಳು ನಾನು! ತುಕ್ಕು ಹಿಡಿಯುವಾಗ ಶಾಖ ಬರುತ್ತದೆ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸು ತಗೊಂಡವಳು. ಐದು ತಾಸು ಅವು ನಮ್ಮ ಅಡಿಗೆ ಮನೆಯ ಗಾಳಿಯನ್ನೇ ಉಂಡು ಹೊಟ್ಟೆ ತುಂಬಿಸಿಕೊಂಡಿದ್ದವು. ಉಳಿದವನ್ನು ಮರುದಿನ ಒತ್ತಿ ನೋಡಿದೆ. ಹೊಸದು ಮರಳಿನ ಹಾಗೆ ಬೆರಳಿನಡಿ ಜಾರುತ್ತದೆ, ಇವು ತೇವ ತಾಗಿ ಗಟ್ಟಿಯಾದ ಸಕ್ಕರೆ ಗಂಟಿನ ಹಾಗಿದ್ದವು.

ಅಂದರೆ ಮೊದಲ ಆರು ಪ್ಯಾಕೆಟ್ ಆದರೂ ಚೆನ್ನಾಗಿರಬೇಕಿತ್ತಲ್ಲ? ಅವೂ ಇರಲಿಲ್ಲ. ಅದಕ್ಕೆ ಕಾರಣ ಕವರು.

ನಾನು ಬಳಸುತ್ತಿದ್ದದ್ದು ಪ್ಯಾಟಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಪಾರದರ್ಶಕ ಪಾಲಿಥೀನ್ ಕವರು, 50 ಮೈಕ್ರಾನ್. ನೀರು ಹಾಕಿ ತಲೆಕೆಳಗು ಮಾಡಿದರೂ ಸೋರುವುದಿಲ್ಲ. ಆದರೆ ಆಕ್ಸಿಜನ್ನಿಗೆ ಅದು ಸೊಳ್ಳೆ ಪರದೆ ಇದ್ದ ಹಾಗೆ. ಲೆಕ್ಕ ಹಾಕಿ ಕೂತ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ದಪ್ಪದ ಪಾಲಿಥೀನಿನಲ್ಲಿ, ಹೊರಗೆ ಮಾಮೂಲಿ ಗಾಳಿ ಇದ್ದರೆ, ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 750 ಮಿಲಿಲೀಟರ್ ಆಕ್ಸಿಜನ್ ಒಳಗೆ ಹೋಗುತ್ತದೆ. ನನ್ನ ಕವರು 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದ, ಎರಡೂ ಮೈ ಸೇರಿ 0.06 ಚದರ ಮೀಟರ್. ದಿನಕ್ಕೆ 45 ಮಿಲಿಲೀಟರ್! ನಾನು ಹಾಕಿದ್ದು '50 ಸಿಸಿ' ಸ್ಯಾಚೆಟ್, ಅಂದರೆ 50 ಮಿಲಿಲೀಟರ್ ಆಕ್ಸಿಜನ್ ಹೀರುವಂಥದ್ದು. 200 ಗ್ರಾಂ ಹಿಂಡಿ ತುಂಬಿದ ಮೇಲೆ ಒಳಗೆ ಉಳಿದ ಗಾಳಿ ಸುಮಾರು 200 ಮಿಲಿಲೀಟರ್, ಅದರಲ್ಲಿ ನೂರಕ್ಕೆ 21ರಂತೆ 42 ಮಿಲಿಲೀಟರ್ ಆಕ್ಸಿಜನ್. ಅದನ್ನು ಉಂಡು ಮುಗಿಸುವಷ್ಟರಲ್ಲೇ ಸ್ಯಾಚೆಟ್ಟಿನ ಕೆಲಸ ಮುಗಿಯಿತು. ಹಿಂಡಿ ವಿಮಾನ ಹತ್ತುವ ಮೊದಲೇ ಅದಕ್ಕೆ ಕಾವಲುಗಾರ ಇರಲಿಲ್ಲ.

ನಂಬಿಕೆ ಬರಲಿಲ್ಲ, ಪರೀಕ್ಷೆ ಮಾಡಿದೆ. ಆಕ್ಸಿಜನ್ ಇಲ್ಲದಿದ್ದಾಗ ಗುಲಾಬಿ, ಇದ್ದಾಗ ನೀಲಿ ಬಣ್ಣ ತೋರಿಸುವ ಗುಳಿಗೆ ಸಿಗುತ್ತದೆ. ಹೊಸ 100 ಸಿಸಿ ಸ್ಯಾಚೆಟ್ ಜೊತೆ ಒಂದು ಗುಳಿಗೆಯನ್ನು ಹಳೆಯ ಪಾಲಿಥೀನ್ ಕವರಿನಲ್ಲಿ, ಇನ್ನೊಂದನ್ನು ತೆಳುವಾಗಿ ಲೋಹ ಲೇಪಿಸಿದ ಬೆಳ್ಳಿ ಬಣ್ಣದ ಮೆಟಲೈಸ್ಡ್ ಪೌಚಿನಲ್ಲಿ ಹಾಕಿ ಸೀಲ್ ಮಾಡಿ ಅಟ್ಟದ ಮೇಲಿಟ್ಟೆ. ಪಾಲಿಥೀನಿನದು ಮರುದಿನ ಗುಲಾಬಿಯಾಗಿತ್ತು. ಮೂರನೇ ದಿನ ನೋಡಿದರೆ ನೀಲಿ. ಬೆಳ್ಳಿ ಪೌಚಿನ ಒಳಗೇನಾಗಿದೆಯೋ ಕಾಣುವುದಿಲ್ಲವಲ್ಲ, ಹದಿನೈದು ದಿನ ತಡೆದುಕೊಂಡು ಕತ್ತರಿಸಿದೆ. ಗುಲಾಬಿ! ಅಂಗೈ ಮೇಲಿಟ್ಟುಕೊಂಡು ಅತ್ತಿಗೆ ತೋರಿಸಿ, ಒಂದು ಕಪ್ ಚಹಾ ಮುಗಿಸುವುದರೊಳಗೆ ಅದೂ ನೀಲಿ ತಿರುಗಿತ್ತು.

ಕಂದು ಕಾಗದದ ಮೇಲೆ ಕಿಟಕಿ ಇರುವ ಚೆಂದದ ಪೌಚುಗಳ ಬಗ್ಗೆ ಕೇಳುವವರಿಗೆ: ಆ ಕಿಟಕಿ ಎಂಥ ಪ್ಲಾಸ್ಟಿಕ್ಕಿನದು ಅಂತ ಮೊದಲು ಕೇಳಿ. ಬಹಳ ಸಲ ಕಿಟಕಿಯೇ ಬಾಗಿಲು.

ಪೌಚ್ ಬದಲಿಸಿದ ಮೇಲೆ ಕಮಟಿನ ದೂರು ನಿಂತಿತು. ಬೇರೆಯದು ಬಂತು. ಬೆಂಗಳೂರಿನ ಒಬ್ಬ ಅಜ್ಜಿ ಫೋನ್ ಮಾಡಿ, "ಶೇಂಗಾ ಹಿಂಡಿ ಜೊತಿ ಸಣ್ ಪುಡಿಕ್ಯಾಗ ಗುರೆಳ್ಳ ಹಿಂಡಿ ಇಟ್ಟೀರಲ್ಲ, ಅದಕ್ಕ ಉಪ್ಪಾ ಹತ್ತಿಲ್ಲ" ಅಂದರು. ನನ್ನ ಕೈಕಾಲು ತಣ್ಣಗಾದವು. ಕರೀ ಪುಡಿ ನೋಡಿ ಗುರೆಳ್ಳು ಅಂದುಕೊಂಡು ಸ್ಯಾಚೆಟ್ ಹರಿದು ನಾಲಿಗೆಗೆ ಹಚ್ಚಿದ್ದಾರೆ. ಚಿಟಿಕೆ ಕಬ್ಬಿಣದ ಪುಡಿಯಿಂದ ಅವರಿಗೇನೂ ಆಗಲಿಲ್ಲ, ಪುಣ್ಯ. 'ತಿನ್ನಬೇಡಿ' ಅಂತ ಅದರ ಮೇಲೆ ಇಂಗ್ಲಿಷಿನಲ್ಲಿತ್ತು. ಈಗ ನಾನೇ ಕನ್ನಡದ ಚೀಟಿ ಅಂಟಿಸುತ್ತೇನೆ.

ಈ ಕತೆ ಕೇಳಿ ಬಿದ್ದು ಬಿದ್ದು ನಕ್ಕವನು ನಮ್ಮ ಅಕ್ಕನ ಮಗ. ಪೆಟ್ ಅನ್ನುವ ಪ್ಲಾಸ್ಟಿಕ್ಕಿನ ಬಾಟಲಿ ಊದುವ ಕಾರ್ಖಾನೆಯಲ್ಲಿ ಶಿಫ್ಟ್ ನೋಡಿಕೊಳ್ಳುತ್ತಾನೆ. "ಮೌಶಿ, ಸ್ಯಾಚೆಟ್ ಯಾಕ ಬೇಕು? ಪ್ಲಾಸ್ಟಿಕ್ಕ ಆಕ್ಸಿಜನ್ ತಿನ್ನೂ ಹಂಗ ಮಾಡ್ತಾರ" ಅಂದ. ಹುಡುಗಾಟ ಅಂದುಕೊಂಡೆ, ಅಲ್ಲ. ಜಪಾನಿನಲ್ಲಿ ಕಬ್ಬಿಣದ ಪುಡಿಯನ್ನೇ ಪ್ಲಾಸ್ಟಿಕ್ ಪದರದ ನಡುವೆ ಸೇರಿಸಿ, ಬೇಯಿಸಿದ ಅನ್ನ ಮಾರುವ ತಟ್ಟೆ ಮಾಡುತ್ತಾರಂತೆ. ಟೋಯೊ ಸೈಕಾನ್ ಕಂಪನಿಯ 'ಆಕ್ಸಿಗಾರ್ಡ್' ಆ ಜಾತಿಯದು. ಆದರೆ ಕಬ್ಬಿಣ ಬೆರೆಸಿದರೆ ಬಾಟಲಿ ಪಾರದರ್ಶಕವಾಗಿ ಉಳಿಯುವುದಿಲ್ಲ. ಬಿಯರ್, ಹಣ್ಣಿನ ರಸ ತುಂಬುವವರಿಗೆ ಗಾಜಿನಂತೆ ಕಾಣುವುದೇ ಬೇಕು. ಪೆಟ್ ನನ್ನ ಪಾಲಿಥೀನಿನಷ್ಟು ಪೋಲಿಯಲ್ಲ, ಆದರೂ ಸೋರುತ್ತದೆ. ಬಿಯರಿಗೆ ಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸು ಆಕ್ಸಿಜನ್ ಸೇರಿದರೆ ಸಾಕು, ಒದ್ದೆ ರಟ್ಟಿನ ರುಚಿ ಬರುತ್ತದಂತೆ. (ಅವನಿಗೆ ಹೇಗೆ ಗೊತ್ತು ಅಂತ ನಾನು ಕೇಳಲಿಲ್ಲ, ಅಕ್ಕ ಪಕ್ಕದಲ್ಲೇ ಕೂತಿದ್ದಳು.)

ಅದಕ್ಕೆ 1980ರ ದಶಕದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಡಬ್ಬಿ ತಯಾರಕರು ಒಂದು ದಾರಿ ಕಂಡುಕೊಂಡರು, 'ಆಕ್ಸ್‌ಬಾರ್' ಅಂತ ಹೆಸರು. ಪೆಟ್ ಜೊತೆ ನೂರಕ್ಕೆ ನಾಲ್ಕೈದು ಪಾಲು ಒಂದು ಬಗೆಯ ನೈಲಾನ್, ಅದು ಆಕ್ಸಿಜನ್ ಹಿಡಿಯುವುದನ್ನು ಚುರುಕು ಮಾಡಲು ಹತ್ತು ಲಕ್ಷ ಪಾಲಿಗೆ ಒಂದೆರಡು ನೂರು ಪಾಲಿನಷ್ಟು ಕೋಬಾಲ್ಟ್ ಅನ್ನುವ ಲೋಹ. ಹೊರಗಿನಿಂದ ಬಾಟಲಿಯ ಗೋಡೆ ಹೊಕ್ಕ ಆಕ್ಸಿಜನ್ ಒಳಗೆ ಮುಟ್ಟುವ ಮೊದಲೇ ದಾರಿಯಲ್ಲಿ ನೈಲಾನಿಗೆ ಸಿಕ್ಕಿ ಅಲ್ಲೇ ಮುಗಿಯುತ್ತದೆ. ಆಮೇಲೆ ಅಮೆರಿಕದ ಅಮೋಕೊ ಕಂಪನಿಯವರು 'ಅಮೊಸಾರ್ಬ್' ಅಂತ ತಂದರು, ಅದರಲ್ಲಿ ಪಾಲಿಬ್ಯುಟಡೈಯೀನ್, ಅಂದರೆ ರಬ್ಬರ್ ಜಾತಿಯ ಸರಪಳಿ, ತುಂಬಾ ಡಬಲ್ ಬಾಂಡು. ಅಲ್ಲೂ ಕೋಬಾಲ್ಟೇ.

ಡಬಲ್ ಬಾಂಡು, ಕೋಬಾಲ್ಟು. ಎರಡೂ ಮಾತು ಒಟ್ಟಿಗೆ ಬಿದ್ದಾಗ ನನಗೆ ಅಪ್ಪನ ಕೆಲಸದ ಪಡಸಾಲೆ ನೆನಪಾಯಿತು.

ಅಪ್ಪ ಬಡಿಗ. ಸಾಗವಾನಿ ಬಾಗಿಲು ಮುಗಿದ ಮೇಲೆ ಅಗಸಿ ಎಣ್ಣಿ ತಿಕ್ಕುತ್ತಿದ್ದ. ಹಸಿ ಅಗಸಿ ಎಣ್ಣೆ ಒಣಗಲು ದಿನಗಟ್ಟಲೆ ಬೇಕು, ಅವಸರವಿದ್ದರೆ ಬಣ್ಣದ ಅಂಗಡಿಯಿಂದ ಡ್ರೈಯರ್ ತಂದು ನಾಲ್ಕು ಹನಿ ಬೆರೆಸುತ್ತಿದ್ದ. ಆ ಡ್ರೈಯರಿನಲ್ಲಿ ಇರುವುದು ಬಹುಪಾಲು ಕೋಬಾಲ್ಟಿನ ಉಪ್ಪು. ಎಣ್ಣೆ ಒಣಗುವುದು ಅಂದರೆ ನೀರಿನ ಹಾಗೆ ಆರಿ ಹೋಗುವುದಲ್ಲ. ಗಾಳಿಯ ಆಕ್ಸಿಜನ್ ಹಿಡಿದು ಹಿಡಿದು ಗಟ್ಟಿಯಾಗುವುದು. ತೂಕ ಕಡಿಮೆಯಾಗುವ ಬದಲು ಮೊದಮೊದಲು ಹೆಚ್ಚುತ್ತದೆ. "ಎಣ್ಣಿ ಅರಿವಿ ಉಂಡಿ ಮಾಡಿ ಮೂಲ್ಯಾಗ ಒಗಿಬ್ಯಾಡ್ರಿ, ತಾನ ಉರಿ ಹತ್ತತೈತಿ" ಅಂತ ಅಪ್ಪ ದಿನಾ ಒದರುತ್ತಿದ್ದ. ಒರೆಸಿದ ಅರಿವಿಯನ್ನು ಬೇವಿನ ಟೊಂಗೆಗೆ ಹರವಿ ಹಾಕಬೇಕಿತ್ತು. ಒಂದು ಸಲ ತಮ್ಮ ಮರೆತು ಮುದ್ದೆ ಮಾಡಿ ಬಿಟ್ಟಿದ್ದನ್ನು ನಾನು ಎತ್ತಿದ್ದೆ. ಬೆಚ್ಚಗಿತ್ತು. ಆ ಸ್ಯಾಚೆಟ್ಟಿನಷ್ಟೇ ಬೆಚ್ಚಗೆ.

ಹುಡುಗಿ ಹೇಳಿದ ಬಣ್ಣದ ಡಬ್ಬಿ ವಾಸನೆ ಸರಿಯಾಗಿಯೇ ಇತ್ತು. ಅವಳ ಪ್ಯಾಕೆಟ್ಟಿನಲ್ಲಿ ನಡೆದದ್ದು ಅಪ್ಪನ ಬಾಗಿಲ ಮೇಲೆ ನಡೆದದ್ದೇ. ಪ್ಲಾಸ್ಟಿಕ್ ಮಾಡುವವರು ಆ ಕೇಡನ್ನೇ ಹಿಡಿದು ತಂದು ಗೋಡೆಯೊಳಗೆ ಕೂರಿಸಿದ್ದಾರೆ, ತಿನಿಸಿನ ಬದಲು ಬಾಟಲಿ ಕಮಟಾಗಲಿ ಅಂತ! ತಮಾಷೆ ಅಂದರೆ ಆ ಗೋಡೆಯೂ ವಾಸನೆಯ ಚೂರುಗಳನ್ನು ಬಿಡಬಹುದು. ಅದಕ್ಕೇ ಎಷ್ಟೋ ಕಡೆ ಅದನ್ನು ಎರಡು ಸಾದಾ ಪದರಗಳ ನಡುವೆ ಮುಚ್ಚಿಡುತ್ತಾರೆ. ಬಾಟಲಿ ಮರುಬಳಕೆಗೆ ಹೋದಾಗ ನೈಲಾನ್ ಬೆರೆತ ಪೆಟ್ ಹಳದಿ ತಿರುಗುತ್ತದೆ ಅಂತ ಅಕ್ಕನ ಮಗನ ಗೊಣಗಾಟ ಬೇರೆ.

ನನ್ನಂಥವರ ಕೈಗೆ ಅಂಥ ಪೌಚ್ ಇನ್ನೂ ಎಟುಕುವುದಿಲ್ಲ. ಸದ್ಯಕ್ಕೆ ಮೆಟಲೈಸ್ಡ್ ಪೌಚ್, 100 ಸಿಸಿ ಸ್ಯಾಚೆಟ್. ಹತ್ತು ಹತ್ತು ಸ್ಯಾಚೆಟ್ ಮಾತ್ರ ಹೊರಗೆ ತೆಗೆಯುತ್ತೇನೆ, ಮಿಕ್ಕದ್ದು ಗಾಜಿನ ಬಾಟಲಿಯಲ್ಲಿ ಬಿಗಿ ಮುಚ್ಚಳದಡಿ. ಬೆಚ್ಚಗಾದದ್ದನ್ನು ಹಾಕುವುದಿಲ್ಲ.

ಮತ್ತೆ ದಯವಿಟ್ಟು ಹೋಳಿಗೆಗೆ ಸ್ಯಾಚೆಟ್ ಹಾಕಿ ಕಳಿಸಿ ಅನ್ನಬೇಡಿ. ಮೂರು ಜನ ಕೇಳಿದ್ದೀರಿ. ಹಿಂಡಿ ಒಣ ಪದಾರ್ಥ. ಹೋಳಿಗೆಯ ಹೂರಣದಲ್ಲಿ ಪಸೆ ಇರುತ್ತದೆ, ಹುಳಿ ಇಲ್ಲ. ಆಕ್ಸಿಜನ್ ತೆಗೆದರೆ ಬೂಸ್ಟು ಬರುವುದಿಲ್ಲ, ನಿಜ. ಆದರೆ ಗಾಳಿ ಇಲ್ಲದ ಕಡೆಯೇ ಬೆಳೆಯುವ ಬಾಟ್ಯುಲಿನಮ್ ಅನ್ನುವ ಬ್ಯಾಕ್ಟೀರಿಯಾ ಇದೆ, ಅದರ ವಿಷ ಜೀವ ತೆಗೆಯುವಂಥದ್ದು. ಬೂಸ್ಟು ಬಂದರೆ ಕಣ್ಣಿಗೆ ಕಾಣುತ್ತದೆ, ಎಸೆಯುತ್ತೀರಿ. ಇದು ಕಾಣುವುದೂ ಇಲ್ಲ.

ಹೋದ ಅಮವಾಸ್ಯೆಗೆ ತವರಿಗೆ ಹೋದಾಗ ಅಪ್ಪನಿಗೆ ಎಲ್ಲ ಹೇಳಿದೆ. ಎಂಬತ್ತರ ಹತ್ತಿರ ಈಗ, ಕಿವಿ ಮಂದ. ಅಕ್ಕನ ಮಗ ಎಲ್ಲಿಂದಲೋ ತಂದುಕೊಟ್ಟ ಅಂಥದೊಂದು ಬಾಟಲಿಯ ತುಂಡನ್ನು ಕೈಯಲ್ಲಿಟ್ಟೆ. ಮೂಸಿ ನೋಡಿದ, ಉಗುರಿನಿಂದ ಕೆರೆದ, ಬೆಳಕಿಗೆ ಹಿಡಿದ.

"ಇದರಾಗ ಅಗಸಿ ಎಣ್ಣಿ ಐತಿ?"

"ಎಣ್ಣಿ ಇಲ್ಲಪಾ, ಎಣ್ಣಿ ಮಾಡೂ ಕೆಲಸ ಮಾಡ್ತೈತಿ."

"ಹೊಟ್ಟಿ ತುಂಬಿದ ಮ್ಯಾಲೆ?"

ತುಂಬಿದ ಮೇಲೆ ಅದೂ ಬರೀ ಪ್ಲಾಸ್ಟಿಕ್ಕೇ, ಆಮೇಲೆ ಸಾದಾ ಪೆಟ್ಟಿನ ಹಾಗೆ ಆಕ್ಸಿಜನ್ ದಾಟುತ್ತದೆ, ಬಾಟಲಿಯ ಮೇಲೆ ತಾರೀಖು ಇರುವುದಕ್ಕೆ ಅದೂ ಒಂದು ಕಾರಣ ಅಂದೆ. ಅಪ್ಪ ತಲೆದೂಗಿ, ತುಂಡನ್ನು ಕಿಡಕಿ ಕಟ್ಟೆ ಮೇಲಿಟ್ಟು, ನಮ್ಮ ಮುಂಬಾಗಿಲ ಕಡೆ ಕೈ ಮಾಡಿದ. "ಅದಕ್ಕ ಎರಡ್ ವರ್ಷ ಆತು ಎಣ್ಣಿ ಕಾಣಿಸಿ. ನಿನ್ನ ತಮ್ಮಗ ಹೇಳಿ ಹೋಗು."