ಮಿರಗಕ್ಕೆ ಊರು ಸೇರಿದ ಬಸುರಿ

9 ಜೂನ್ 2025, ಸೋಮವಾರ

ಪ್ರತಿ ತಿಂಗಳ 9ನೇ ತಾರೀಖು ನಮ್ಮಂಥ ಆಶಾ ಕಾರ್ಯಕರ್ತೆಯರಿಗೆ ಬಸುರಿಯರ ದಿನ. 2016ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ದಿನ ಗರ್ಭಿಣಿಯರಿಗೆಂದೇ ತಪಾಸಣೆ ಇರುತ್ತದೆ. ಡಾಕ್ಟರೇ ಕೂತು ನೋಡುತ್ತಾರೆ. ರಕ್ತ, ಬಿಪಿ, ಮೂತ್ರ ಪರೀಕ್ಷೆ ಎಲ್ಲ ಪುಕ್ಕಟೆ. ನಮ್ಮ ಪಟ್ಟಿಯಲ್ಲಿರುವವರನ್ನು ನಾವು ಕರೆದುಕೊಂಡು ಹೋಗಬೇಕು. ಇವತ್ತು ನಾನು ಬರೆಯುತ್ತಿರುವುದು ಪಟ್ಟಿಯಲ್ಲೇ ಇಲ್ಲದ ಒಬ್ಬ ಹುಡುಗಿಯ ಬಗ್ಗೆ. ಹೆಸರು ಬರೆಯುವುದಿಲ್ಲ.

ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿದೆ. ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಗುಳೆ ಹೋದವರು ಊರಿಗೆ ಬರುವ ಕಾಲ ಇದು. ಬೆಂಗಳೂರು, ಪುಣೆ, ಮುಂಬೈ ಎಂದು ಕಟ್ಟಡ ಕೆಲಸಕ್ಕೆ ಹೋದವರು ಹತ್ತಿ, ಹೆಸರು, ತೊಗರಿ ಬಿತ್ತಲು ಬರುತ್ತಾರೆ. ಬಾಗಿಲು ಹಾಕಿದ್ದ ಮನೆಗಳಲ್ಲಿ ಮತ್ತೆ ಒಲೆ ಹೊತ್ತುತ್ತದೆ. ಈ ವಾರ ಕಾರಹುಣ್ಣಿಮೆ ಬೇರೆ. ಹಾಗಾಗಿ ಈ ದಿನಗಳಲ್ಲಿ ನಾನು ಮನೆ ಮನೆ ತಿರುಗುವುದು ಜಾಸ್ತಿ. ಯಾರು ಬಂದರು, ಯಾರ ಕಂಕುಳಲ್ಲಿ ಹೊಸ ಕೂಸಿದೆ, ಯಾರ ಹೊಟ್ಟೆ ಮುಂದೆ ಬಂದಿದೆ ಎಂದು ನೋಡಬೇಕಲ್ವಾ.

ನಿನ್ನೆ ಸಂಜೆ ಊರಾಚೆ ಹೊಲದಲ್ಲಿರುವ ದೊಡ್ಡಿಗೆ ಹೋದಾಗ ಅವಳು ಕಂಡಳು. ಏಳು ತಿಂಗಳು. ಕಾಲು ಬಾತಿದ್ದವು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಒಳಗೆ ಕೆಂಪೇ ಇಲ್ಲ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಪಕ್ಕದಲ್ಲಿ ಎರಡು ವರ್ಷದ ಮಗ ಸೆರಗು ಹಿಡಿದು ನಿಂತಿದ್ದ.

ಬಸುರಿಯ ತಪಾಸಣೆಯ ವಿವರ ಬರೆದಿಡುವ ತಾಯಿ ಕಾರ್ಡ್ ಎಲ್ಲಿ ಎಂದು ಕೇಳಿದೆ.

"ಅಲ್ಲೇ ಶೆಡ್‌ನಾಗ ಉಳಿತ್ರೀ ಅಕ್ಕಾ" ಎಂದಳು.

ಶೆಡ್ ಅಂದರೆ ಬೆಂಗಳೂರಿನಲ್ಲಿ ಕಟ್ಟಡದ ಪಕ್ಕ ಹಾಕಿಕೊಟ್ಟ ತಗಡಿನ ಮನೆ. ಗಂಡ ಇನ್ನೂ ಅಲ್ಲೇ ಇದ್ದಾನೆ. ಮೇಸ್ತ್ರಿ ಲೆಕ್ಕ ಚುಕ್ತಾ ಮಾಡಿದ ಮೇಲೆ ಬರುತ್ತಾನಂತೆ. ಇವಳನ್ನು, ಮಗನನ್ನು ಊರವರ ಜೊತೆ ಬಸ್ ಹತ್ತಿಸಿ ಕಳಿಸಿದ್ದಾನೆ.

ಇಂಥವರ ವಿಷಯದಲ್ಲಿ ನನಗೆ ಬಹಳ ಸಂಕಟವಾಗುತ್ತದೆ. ಬೆಂಗಳೂರಿನ ಆಶಾ ಅವಳನ್ನು ಹುಡುಕಿಕೊಂಡು ಹೋದರೆ ಊರಿಗೆ ಹೋದಳು ಎನ್ನುತ್ತಾರೆ. ನಮ್ಮೂರಲ್ಲಿ ಕೇಳಿದರೆ ಬೆಂಗಳೂರಿನಲ್ಲಿದ್ದಾಳೆ ಎನ್ನುತ್ತಾರೆ. ಎರಡೂ ಕಡೆಯ ಪಟ್ಟಿಯಿಂದ ಜಾರಿಬಿಡುತ್ತಾಳೆ. ಬಸಿರು ಮಾತ್ರ ನಿಲ್ಲುವುದಿಲ್ಲ, ಬೆಳೆಯುತ್ತಲೇ ಇರುತ್ತದೆ.

ನಾಳೆ ನನ್ನ ಜೊತೆ ಬಾ ಎಂದೆ. ಅತ್ತೆ ಒಪ್ಪಲಿಲ್ಲ. "ನಾವೆಲ್ಲ ಹೊಲದಾಗ ಕೆಲಸ ಮಾಡ್ಕೋತನೇ ಹಡದೀವಿ. ದವಾಖಾನಿ ಅಂದ್ರ ಇಡೀ ದಿನ ಹೋಗ್ತದ" ಎಂದರು. ಅವರನ್ನು ನಾನು ಕೆಟ್ಟವರು ಎನ್ನುವುದಿಲ್ಲ. ಹತ್ತಿ ಬೀಜ ಸಾಲ ಮಾಡಿ ತಂದಿಟ್ಟಿದ್ದಾರೆ. ನೆಲ ಹಸಿಯಾಗಿದೆ. ಹದ ತಪ್ಪಿದರೆ ವರ್ಷದ ಬೆಳೆ ಹೋಗುತ್ತದೆ. ಮನೆಯಲ್ಲಿರುವ ಕೈ ಮೂರೇ ಮೂರು ಜನರದ್ದು. ಅಂಥ ಹೊತ್ತಿನಲ್ಲಿ ರಕ್ತಹೀನತೆ, ತಪಾಸಣೆ ಎಂದು ಭಾಷಣ ಮಾಡಿದರೆ ಯಾರು ಕೇಳುತ್ತಾರೆ? ನಾನು ಕಟ್ಟೆಯ ಮೇಲೆ ಕೂತೆ. ಬಿತ್ತನೆ ಮಾತು ಆಡಿದೆವು. ಕೊನೆಗೆ ಪಕ್ಕದ ಮನೆಯಾಕೆ ಮುಯ್ಯಾಳಾಗಿ, ಅಂದರೆ ಕೂಲಿ ಬದಲು ಕೆಲಸಕ್ಕೆ ಕೆಲಸ ಎಂಬ ಲೆಕ್ಕದಲ್ಲಿ, ಬರುತ್ತೇನೆ ಎಂದಳು. ಅಲ್ಲಿಗೆ ಅತ್ತೆಯ ಮುಖ ಸಡಿಲವಾಯಿತು. "ಬೇಗ ಕರ್ಕೊಂಡ್ ಬರ್ರಿ ಮತ್ತ" ಎಂದರು.

ಇವತ್ತು ಬೆಳಿಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 6.4.

ಓದುವವರಿಗೆ ತಿಳಿಯಲಿ ಎಂದು ಹೇಳುತ್ತೇನೆ. ಬಸುರಿಗೆ ಇದು 11 ಆದರೂ ಇರಬೇಕು. 7ಕ್ಕಿಂತ ಕೆಳಗೆ ಹೋದರೆ ತೀವ್ರ ರಕ್ತಹೀನತೆ. ಹೆರಿಗೆ ಹೊತ್ತಿನಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ. ಗಟ್ಟಿ ಇದ್ದವರು ತಡೆದುಕೊಳ್ಳುತ್ತಾರೆ. ಇವಳಿಗೆ ಅಷ್ಟೇ ರಕ್ತ ಹೋದರೂ ಜೀವಕ್ಕೆ ಕುತ್ತು. ಕೂಸು ತೂಕ ಕಡಿಮೆ ಇರಬಹುದು, ದಿನ ತುಂಬುವ ಮೊದಲೇ ಹುಟ್ಟಬಹುದು. ಡಾಕ್ಟರ್ ಒಂದು ನಿಮಿಷವೂ ಯೋಚಿಸದೆ ತಾಲ್ಲೂಕು ಆಸ್ಪತ್ರೆಗೆ ಬರೆದುಕೊಟ್ಟರು, ದಾಖಲಾಗಲೇಬೇಕು ಎಂದರು.

ಅಷ್ಟರಲ್ಲಿ ನಾನು ಗಂಡನಿಗೆ ಫೋನ್ ಮಾಡಿದ್ದೆ. ಒಳ್ಳೆ ಹುಡುಗ. ಸೆಂಟ್ರಿಂಗ್ ಕೆಲಸ ಬಿಟ್ಟು ಇಳಿದು ಬಂದು, ಶೆಡ್‌ನಲ್ಲಿ ಹುಡುಕಿ, ತಾಯಿ ಕಾರ್ಡಿನ ಒಂದೊಂದೇ ಪುಟದ ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಿದ. ಎಷ್ಟು ಉಪಕಾರ ಆಯಿತು ಗೊತ್ತಾ! ಅದರಲ್ಲಿ ನೋಂದಣಿ ನಂಬರ್ ಇತ್ತು. ಸಿಸ್ಟರ್ ಅದನ್ನು ಕಂಪ್ಯೂಟರಿನಲ್ಲಿ ಹಾಕಿ, ಬೆಂಗಳೂರಿನಲ್ಲಿ ಧನುರ್ವಾಯು ಬರದಂತೆ ಕೊಡುವ ಟಿಡಿ ಚುಚ್ಚುಮದ್ದು ಆಗಿದೆ, ಐದನೇ ತಿಂಗಳಲ್ಲಿ ರಕ್ತ 9 ಇತ್ತು, ಕಬ್ಬಿಣದ ಗುಳಿಗೆ ಕೊಟ್ಟಿದ್ದಾರೆ ಎಂದೆಲ್ಲ ಹೇಳಿದರು.

ಗುಳಿಗೆ ಕೊಟ್ಟಿದ್ದರೂ ಇವಳು ತಿಂದಿಲ್ಲ. ಯಾಕೆ ಎಂದು ಕೇಳಿದರೆ ಮೊದಲು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, ವಾಂತಿ ಬರುತ್ತಿತ್ತು, ಸಂಡಾಸು ಕರ್ರಗೆ ಆಗುತ್ತಿತ್ತು, ಹೆದರಿಕೆಯಾಗಿ ಬಿಟ್ಟೆ ಎಂದಳು. ಗುಳಿಗೆ ತಿಂದರೆ ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತದೆ ಎಂದು ಶೆಡ್ಡಿನವರು ಯಾರೋ ಹೇಳಿದ್ದರಂತೆ. ತಿಂದ ದಿನಗಳಲ್ಲೂ ಚಹಾದ ಜೊತೆ ನುಂಗಿದ್ದಾಳೆ. ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಸೇರುವುದಿಲ್ಲ. ಊಟ ಆಗಿ ಒಂದು ಗಂಟೆ ಬಿಟ್ಟು, ನಿಂಬೆ ಹಣ್ಣಿನ ನೀರಿನ ಜೊತೆ ತೆಗೆದುಕೊಳ್ಳಬೇಕು. ಸಂಡಾಸು ಕರ್ರಗಾಗುವುದು ಗುಳಿಗೆಯಿಂದಲೇ, ಅದಕ್ಕೆ ಹೆದರಬೇಕಿಲ್ಲ. ಬಸಿರಿನಲ್ಲಿ 180 ದಿನ ದಿನಕ್ಕೊಂದು ನುಂಗಬೇಕು. ಗುಳಿಗೆಯ ಪಟ್ಟಿ ಕೈಗೆ ಕೊಟ್ಟರೆ ಸಾಲದು. ವಾರಕ್ಕೊಮ್ಮೆ ಹೋಗಿ ಎಷ್ಟು ಖಾಲಿಯಾಗಿದೆ ಎಂದು ನೋಡಬೇಕು, ಹೆದರಿಕೆ ಏನಿದೆ ಎಂದು ಕೇಳಬೇಕು. ಊರಲ್ಲಿ ಇದ್ದಿದ್ದರೆ ನಾನು ಮಾಡುತ್ತಿದ್ದೆ. ಶೆಡ್ಡಿನ ಹೆಣ್ಣುಮಕ್ಕಳನ್ನು ಹಾಗೆ ಕೇಳುವವರು ಯಾರು?

108 ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಬರೆಯುವಲ್ಲಿ ರೇಷನ್ ಕಾರ್ಡ್ ಕೇಳಿದರು. ಅತ್ತೆಯ ಕಾರ್ಡಿನಲ್ಲಿ ಇವಳ ಹೆಸರು ಇನ್ನೂ ಸೇರಿಲ್ಲ. ತವರಿನ ಕಾರ್ಡಿನಿಂದ ತೆಗೆಸಿ ಇಲ್ಲಿ ಹಾಕಿಸಬೇಕು, ಅದು ಬೇರೆಯೇ ಓಡಾಟ. ಕಾರ್ಡ್ ಇಲ್ಲದಿದ್ದರೆ ಆಗಲ್ಲ ಎಂದರು. ಹುಡುಗಿ ತಕ್ಷಣ "ಮನಿಗೆ ಹೋಗೂಣ್ರೀ ಅಕ್ಕಾ" ಎಂದು ನನ್ನ ಕೈ ಹಿಡಿದಳು. ಅವಳೊಬ್ಬಳೇ ಬಂದಿದ್ದರೆ ಖಂಡಿತ ತಿರುಗಿ ಹೋಗುತ್ತಿದ್ದಳು. ನನಗೆ ನಿಯಮ ಗೊತ್ತಿತ್ತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಗೆ ಬಂದ ಯಾವ ಬಸುರಿಗೂ ಔಷಧ, ಪರೀಕ್ಷೆ, ರಕ್ತ, ಊಟ ಎಲ್ಲ ಉಚಿತ. ಬಡವರ ಕಾರ್ಡ್ ಇರಲೇಬೇಕು ಎಂದು ಅದರಲ್ಲಿಲ್ಲ. ಅದನ್ನೇ ಹೇಳಿದೆ. ಜೋರು ಮಾಡಲಿಲ್ಲ, ಆದರೆ ಅಲ್ಲಿಂದ ಕದಲಲೂ ಇಲ್ಲ. ವಾರ್ಡಿನ ಸಿಸ್ಟರ್ ಬಂದು ಡಾಕ್ಟರ್ ಬರೆದ ಚೀಟಿ ನೋಡಿದರು, ತಾವೇ ಒಳಗೆ ಕರೆದುಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಹಾಸಿಗೆ ಸಿಕ್ಕಿತು.

ರಕ್ತನಾಳಕ್ಕೆ ಕಬ್ಬಿಣದ ಇಂಜೆಕ್ಷನ್ ಸಾಕೋ, ರಕ್ತ ಏರಿಸಬೇಕೋ ಎಂದು ನಾಳೆ ತಜ್ಞರು ನೋಡಿ ಹೇಳುತ್ತಾರಂತೆ. ಬೇಕಾದರೆ ಕೊಡಲಿ ಎಂದು ಮೈದುನನನ್ನು ಒಪ್ಪಿಸಿದ್ದೇನೆ. ರಕ್ತ ಕೊಟ್ಟರೆ ಬಿತ್ತನೆಗೆ ಶಕ್ತಿ ಇರುವುದಿಲ್ಲ ಎಂದು ಅವನಿಗೆ ಅಂಜಿಕೆ. ಒಂದೆರಡು ದಿನ ಭಾರದ ಕೆಲಸ ಬಿಟ್ಟು, ನೀರು ಚೆನ್ನಾಗಿ ಕುಡಿದರೆ ಸಾಕು ಎಂದು ತಿಳಿಸಿ ಹೇಳಿದೆ. ಮಗನ ತೋಳಿಗೆ ಅಂಗನವಾಡಿ ಟೀಚರ್ ಅಳತೆ ಪಟ್ಟಿ ಸುತ್ತಿ ನೋಡಿದರು. ಹಳದಿಯಲ್ಲಿ ಇದ್ದಾನೆ, ಅಂದರೆ ಸೊರಗಿದ್ದಾನೆ, ಆದರೆ ತೀರಾ ಸೊರಗಿದವರ ಕೆಂಪಿಗೆ ಇಳಿದಿಲ್ಲ. ಅಮ್ಮ ಬರುವವರೆಗೆ ಹಗಲು ಅಂಗನವಾಡಿಯಲ್ಲಿ ಇರಲಿ, ರಾತ್ರಿ ಅಜ್ಜಿ ನೋಡಿಕೊಳ್ಳಲಿ ಎಂದು ಮಾತಾಯಿತು.

ನಮ್ಮ ದುಡ್ಡಿನ ಮಾತನ್ನೂ ಬರೆಯುತ್ತೇನೆ. ಆಶಾಗೆ ಸಂಬಳ ಅಂತ ಇಲ್ಲ. ರಾಜ್ಯ ಕೊಡುವ ಗೌರವಧನ ಇದೆ, ಉಳಿದದ್ದು ಮಾಡಿದ ಕೆಲಸಕ್ಕೆ ಇಷ್ಟು ಎಂದು. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ 3, 7, 14, 21, 28, 42ನೇ ದಿನ ಹೋಗಿ ಕೂಸಿನ ತೂಕ, ಮೈ ಕಾವು, ಹಾಲು ಕುಡಿಯುವುದು ಎಲ್ಲ ನೋಡಿದರೆ ಒಟ್ಟು 250 ರೂಪಾಯಿ. ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ನಮ್ಮವರು ಹಗಲು ರಾತ್ರಿ ಕೂತಾಗ ತಿಂಗಳಿಗೆ ಕನಿಷ್ಠ 10,000 ಎಂಬ ಭರವಸೆ ಸಿಕ್ಕಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮಗೆಲ್ಲ ಪ್ರಶಸ್ತಿ ಕೊಟ್ಟಾಗ ಹೆಮ್ಮೆಯಿಂದ ಅತ್ತಿದ್ದೇನೆ. ಆದರೆ ಅತ್ತೆಯ ಜೊತೆ ಕಟ್ಟೆಯ ಮೇಲೆ ಕೂತ ಸಂಜೆ, ಚೀಟಿ ಬರೆಯುವಲ್ಲಿ ನಿಂತ ಹೊತ್ತು ಯಾವ ಕೆಲಸದ ಪಟ್ಟಿಯಲ್ಲೂ ಇಲ್ಲ. ಇವತ್ತು ಆ ಹುಡುಗಿಗೆ ಹಾಸಿಗೆ ಸಿಕ್ಕಿದ್ದು ಆ ಹೊತ್ತಿನಿಂದಲೇ. ಅದಕ್ಕೂ ಲೆಕ್ಕ ಬೇಕು ಎಂದು ನಾನು ಗಟ್ಟಿಯಾಗಿ ಕೇಳುತ್ತೇನೆ.

ಇದನ್ನು ಬೆಂಗಳೂರಿನಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ನಿಮ್ಮ ಮನೆ ಕಟ್ಟುವಲ್ಲಿ, ನಿಮ್ಮ ಬೀದಿಯ ಕಟ್ಟಡದಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಇಟ್ಟಿಗೆ ಹೊರುತ್ತಿರುತ್ತಾರೆ. ಬಸುರಿ ಯಾರಾದರೂ ಕಂಡರೆ ತಾಯಿ ಕಾರ್ಡ್ ಆಗಿದೆಯಾ ಎಂದು ಕೇಳಿ. ಆಗಿಲ್ಲದಿದ್ದರೆ ಹತ್ತಿರದ ನಗರ ಆರೋಗ್ಯ ಕೇಂದ್ರ ತೋರಿಸಿ, ಬಾಡಿಗೆ ಮನೆ ವಿಳಾಸ ಇಲ್ಲ ಎಂದು ಅವಳು ಹಿಂಜರಿದರೆ ಜೊತೆಗೆ ಹೋಗಿ. ಊರಿಗೆ ಹೊರಟರೆ ಕಾರ್ಡ್ ಚೀಲದಲ್ಲಿ ಇಟ್ಟುಕೊಂಡಳಾ ಎಂದು ನೋಡಿ, ಅವಳ ಫೋನಿನಲ್ಲೋ ಗಂಡನ ಫೋನಿನಲ್ಲೋ ಮೊದಲ ಪುಟದ ಫೋಟೊ ತೆಗೆದಿಡಿ. ನಮ್ಮೂರಿನ ಆಶಾ ನಂಬರ್ ಕೇಳಿ ಒಂದು ಫೋನ್ ಹಾಕಿದರಂತೂ ನಾನು ಬಸ್ ಸ್ಟ್ಯಾಂಡಿಗೇ ಬಂದು ಕರೆದುಕೊಂಡು ಹೋಗುತ್ತೇನೆ.