ಹಳೇ ಕಟ್ಟಿಗೆ ಹಾಕಿದರೆ ಅಗ್ಗ ಬೀಳುತ್ತಾ?

ಬಳ್ಳಾರಿಯಲ್ಲಿ ಇಂಟೀರಿಯರ್ ಕೆಲಸ ಮಾಡುತ್ತೇನೆ. ಹಳೇ ಮನೆ ಕೆಡವಿದಲ್ಲಿ ಹೋಗಿ ತೊಲೆ, ಬಾಗಿಲು, ಪರಸಿ ಕಲ್ಲು ಆರಿಸಿ ತರುತ್ತೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳೋದು ಒಂದೇ: "ಹಂಗಾರ ಅಗ್ಗ ಬೀಳ್ತದೇನ್ರೀ?"

ಬಹಳ ಸಲ ಬೀಳೋದಿಲ್ಲ.

ಹೋದ ವರ್ಷ ಒಂದು ಮಾಳಿಗೆ ಮನೆಯ ಸಾಗವಾನಿ ತೊಲೆ ತಂದೆವು. ಕಟ್ಟಿಗೆ ಸೋವಿಯಾಗೇ ಸಿಕ್ಕಿತು. ಆದರೆ ಅದರ ಹೊಟ್ಟೆಯಲ್ಲಿ ಎಷ್ಟು ಮೊಳೆ ಇವೆಯೋ ಯಾರಿಗೆ ಗೊತ್ತು? ನಮ್ಮ ಬಡಿಗೇರರು ಅಯಸ್ಕಾಂತ ಹಿಡಿದು ಉದ್ದಕ್ಕೂ ಸವರುತ್ತಾ ಹೋದರು. ಅದು ಕಚ್ಚಿದಲ್ಲೆಲ್ಲ ಸೀಮೆಸುಣ್ಣದ ಗೀಟು. ಎರಡು ದಿನ ಬರೀ ಮೊಳೆ ಕಿತ್ತಿದ್ದೇ ಆಯಿತು. ಆದರೂ ಒಂದು ತಪ್ಪಿಸಿಕೊಂಡು, ಗರಗಸದ ಹಲ್ಲು ಮುರಿಯಿತು. ಗೆದ್ದಲು ಹತ್ತಿದ ತುದಿ ಕತ್ತರಿಸಿ ಬಿಸಾಕಿದೆವು. ಹೊಗೆಗೆ ಕಪ್ಪಾದ ಮೇಲ್ಪದರ ಕೀಸಿದಾಗ ಒಳಗೆ ಜೇನಿನ ಬಣ್ಣ, ಶೆಡ್ಡಿನ ತುಂಬಾ ಸಾಗವಾನಿ ವಾಸನೆ. ಕೂಲಿ ಮಾತ್ರ ಕಟ್ಟಿಗೆಯ ದುಡ್ಡನ್ನೂ ಮೀರಿತು.

ಹಾಗಾದರೆ ಯಾಕೆ ಈ ಉಸಾಬರಿ? ಪ್ಲೈವುಡ್ ಮೇಲೆ ಲ್ಯಾಮಿನೇಟ್ ಅಂಟಿಸಿದ ಅಡುಗೆಮನೆ ನೋಡಿ. ಸಿಂಕಿನ ಕೆಳಗೆ ನೀರು ಸೋರಿ ಹಲಗೆ ಉಬ್ಬಿದರೆ ಗುಜರಿಯವನೂ ಒಯ್ಯೋದಿಲ್ಲ. ಪದರ ಬಿಡಿಸಲು ಬರೋದಿಲ್ಲ. ಒಳಗಿನ ರಾಸಾಯನಿಕ ಅಂಟಿನಿಂದಾಗಿ ಒಲೆಗೆ ಹಾಕುವುದೂ ಒಳ್ಳೇದಲ್ಲ. ಆ ತೊಲೆ ನೋಡಿ, ನಿನ್ನೆ ಮಾಳಿಗೆಯ ಭಾರ ಹೊತ್ತಿತ್ತು, ಇವತ್ತು ಊಟದ ಮೇಜಾಗಿದೆ.

ಅದಕ್ಕೇ ಹೊಸ ಕೆಲಸದಲ್ಲೂ ಬಡಿಗೇರರ ಜೊತೆ ನನ್ನ ಜಗಳ ಒಂದೇ: ಆದಷ್ಟು ಅಂಟು ಬೇಡ, ಸ್ಕ್ರೂ ಹಾಕಿ. ಒಂದು ಹಲಗೆ ಹಾಳಾದರೆ ಅದೊಂದನ್ನೇ ಬಿಚ್ಚಿ ಬದಲಿಸುವಂತಿರಬೇಕು. ಟೈಮ್ ಜಾಸ್ತಿ ಹಿಡಿಯುತ್ತೆ ಅಂತ ಅವರು ಗೊಣಗುತ್ತಾರೆ. ಅದೂ ನಿಜವೇ.

ಹೀಗೆ ಸಾಮಾನು ಬಿಸಾಕದೆ ಬಿಚ್ಚಿ, ರಿಪೇರಿ ಮಾಡಿ ಮತ್ತೆ ಮತ್ತೆ ಬಳಸೋದಕ್ಕೆ ಈಗ ಸರ್ಕ್ಯುಲರ್ ಎಕಾನಮಿ ಅಂತ ದೊಡ್ಡ ಹೆಸರು. ಇದನ್ನು ಜಗತ್ತಿಗೆಲ್ಲ ಹೇಳಿಕೊಂಡು ಬಂದವರಲ್ಲಿ ಎಲೆನ್ ಮ್ಯಾಕ್‌ಆರ್ಥರ್ ಒಬ್ಬರು. 2005ರಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ 71 ದಿನದಲ್ಲಿ ಭೂಮಿ ಸುತ್ತಿದವರು. 2010ರಲ್ಲಿ ಇದಕ್ಕೆಂದೇ ಸಂಸ್ಥೆ ಕಟ್ಟಿದರು. ನಡುಗಡಲಲ್ಲಿ ದೋಣಿಯಲ್ಲಿ ಇದ್ದಷ್ಟೇ ಸಾಮಾನು, ಅಲ್ವಾ? ಹರಿದ ಸೀರೆ, ಧೋತರದಲ್ಲಿ ಕೌದಿ ಹೊಲೆದ ನಮ್ಮ ಅಜ್ಜಿಗೆ ಈ ಲೆಕ್ಕ ಹೊಸದೇನಲ್ಲ. ಈಗ ನಮ್ಮೂರಿನ ಜೀನ್ಸ್ ಹೊಲಿಯುವಲ್ಲಿ ಉಳಿದ ಚೂರುಗಳನ್ನು ಕೌದಿ ಹೊಲಿಗೆಯಲ್ಲೇ ಸೇರಿಸಿ ಕುಶನ್ ಕವರ್ ಮಾಡಿಸುತ್ತೇನೆ. ಒಳಗೋಡೆ ಕಟ್ಟಬೇಕಾದರೆ ಹಾರುಬೂದಿ ಇಟ್ಟಿಗೆ. ರಾಯಚೂರಿನ ಶಕ್ತಿನಗರದಂಥ ಕಡೆ ಕಲ್ಲಿದ್ದಲು ಸುಟ್ಟು ಉಳಿಯುತ್ತಲ್ಲ, ಅದೇ ಬೂದಿ.

ಹಳೇದೆಲ್ಲ ಒಳ್ಳೇದು ಅಂತಲ್ಲ. ಹಳೇ ವೈರು, ಆಸ್ಬೆಸ್ಟಾಸ್ ಶೀಟು ನಾನು ಮುಟ್ಟೋದಿಲ್ಲ. ಬಣ್ಣದ ಬಾಗಿಲನ್ನು ಒಣಗಿದ್ದ ಹಾಗೇ ಉಜ್ಜಲು ಬಿಡೋದಿಲ್ಲ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಅನ್ನೋ ವಿಷಲೋಹ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳು ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ.

ಇಷ್ಟೆಲ್ಲ ಕೇಳಿಯೂ ಅಗ್ಗವೇ ಆಗಬೇಕು ಅಂದರೆ, ಮನೆಯಲ್ಲಿರೋ ಕಪಾಟಿನ ತಿರುಗಣಿ ಬದಲಿಸಿ, ಪಾಲಿಶ್ ಹೊಡೆಸಿ. ಅದಕ್ಕೆ ನನ್ನನ್ನು ಕರೆಯೋದೂ ಬೇಡ, ಓಣಿಯ ಬಡಿಗೇರರು ಸಾಕು.